ಸೋಮಾರಿ ಅಂತ ಬೈದ್ರು, ಸ್ನಾಯುವಿನ ತುಣುಕು ನಿಜ ಹೇಳ್ತು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ, ಮೆಟ್ರೋದಲ್ಲೋ, ಮನೇಲಿ ಪಾತ್ರೆ ತೊಳೀತಾನೋ ಕೇಳ್ತಿರೋ ಎಲ್ಲರಿಗೂ ಒಂದು ಪ್ರಶ್ನೆ. ಶಾಲೆಯಲ್ಲಿ ಪಿ.ಟಿ. ಪೀರಿಯಡ್‌ನಲ್ಲಿ ಮೈದಾನಕ್ಕೆ ಎರಡು ಸುತ್ತು ಓಡಿ ಅಂದಾಗ ಅರ್ಧ ಸುತ್ತಿಗೇ ತೊಡೆ ಹಿಡ್ಕೊಂಡು ಕೂತುಬಿಡೋ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಕ್ಲಾಸಲ್ಲಿ ಇದ್ರಾ? ಮೇಷ್ಟ್ರು ಏನಂತಿದ್ರು? "ನಾಟಕ ಸಾಕು, ಏಳು" ಅಂತಿದ್ರು. ನಾವೇನಂತಿದ್ವಿ? "ಸೋಮಾರಿ."

ಬಹಳ ಸಲ ಅದು ಬರೀ ಅಭ್ಯಾಸ ಇಲ್ಲದ ಸುಸ್ತು, ನಿಜ. ಆದರೆ ಅಪರೂಪಕ್ಕೆ ಒಬ್ಬರಲ್ಲಿ ಅದು ಸೋಮಾರಿತನ ಅಲ್ಲವೇ ಅಲ್ಲ. ಅವರ ಸ್ನಾಯುವಿನ ಒಳಗೆ ಒಂದೇ ಒಂದು ಎಂಜೈಮ್ ಇರೋದಿಲ್ಲ. ಸ್ನಾಯುವನ್ನು ಹೊರಗಿಂದ ನೋಡಿದರೆ ಚೆನ್ನಾಗಿದೆ, ಮೈಕ್ರೋಸ್ಕೋಪ್‌ನಲ್ಲಿ ನೋಡಿದರೂ ಹೆಚ್ಚುಕಮ್ಮಿ ಚೆನ್ನಾಗೇ ಇದೆ. ಹಾಗಿದ್ದಮೇಲೆ, ಇಲ್ಲದೆ ಇರೋದನ್ನು ಕಣ್ಣಿಗೆ ತೋರಿಸೋದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ. ರೋಗಿಗಳು ನನ್ನನ್ನು ನೋಡೋದಿಲ್ಲ, ನಾನೂ ಅವರನ್ನು ನೋಡೋದು ಕಡಿಮೆ. ಅವರ ದೇಹದ ಒಂದು ತುಣುಕು ಮಾತ್ರ ನನ್ನ ಮೇಜಿಗೆ ಬರುತ್ತೆ. ಕೆಲವು ವರ್ಷದ ಹಿಂದೆ ಹಾಗೆ ಬಂದ ಒಂದು ತುಣುಕಿನ ಕಥೆ ಹೇಳ್ತೀನಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೀನಿ.

ಇಪ್ಪತ್ತೊಂದು ವರ್ಷದ ಹುಡುಗ. ಚಿಕ್ಕಂದಿನಿಂದಲೂ ಓಟದಲ್ಲಿ ಹಿಂದೆ, ಮೆಟ್ಟಿಲು ಹತ್ತೋದ್ರಲ್ಲಿ ಹಿಂದೆ. ಒಂದು ದಿನ ಗೆಳೆಯನ ಬೈಕ್ ಕೆಟ್ಟು ನಿಂತಿತು, ಏರಿನಲ್ಲಿ ತಳ್ಳಬೇಕಾಯ್ತು. ನಾಚಿಕೆಗೆ ಬಿದ್ದು ಇವನು ಜೋರಾಗಿ ತಳ್ಳಿದ. ಎರಡೇ ನಿಮಿಷದಲ್ಲಿ ತೋಳು, ತೊಡೆ ಎಲ್ಲ ಕಲ್ಲಾಗಿ ಸೆಟೆದುಕೊಂಡವು. ಮಾರನೇ ದಿನ ಬೆಳಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮನೆಯವರು ಹೆದರಿ ಆಸ್ಪತ್ರೆಗೆ ಕರ್ಕೊಂಡು ಹೋದರು. ಅದೇ ಅವನನ್ನು ಉಳಿಸಿತು. ಯಾಕಂದ್ರೆ ಆ ಬಣ್ಣ ಸ್ನಾಯು ಒಡೆದು ಹೊರಬಂದ ಮಯೋಗ್ಲೋಬಿನ್ ಅನ್ನೋ ಪ್ರೋಟೀನಿನದು. ಅದು ಜಾಸ್ತಿಯಾದರೆ ಕಿಡ್ನಿ ನಿಂತುಹೋಗಬಹುದು. ಡ್ರಿಪ್ ಕೊಟ್ಟರು, ಕಿಡ್ನಿ ಉಳಿಯಿತು.

ಕೆಲವು ವಾರ ಆದಮೇಲೆ, ಯಾಕೆ ಹೀಗಾಯ್ತು ಅಂತ ನೋಡೋಕೆ ತೊಡೆಯಿಂದ ಸ್ನಾಯುವಿನ ಒಂದು ಚೂರು ತೆಗೆದರು. ಬಯಾಪ್ಸಿ. ಅದನ್ನು ಬಾಟಲಿಗೆ ಹಾಕಿ ನಮ್ಮ ಲ್ಯಾಬಿಗೆ ಕಳಿಸಿದರು. ಬಾಟಲಿಯಲ್ಲಿ ಇದ್ದದ್ದು ಫಾರ್ಮಲಿನ್. ಮುಚ್ಚಳ ತೆಗೆದ ತಕ್ಷಣ ಆ ಘಾಟು ಮೂಗಿಗೆ ಹೊಡೀತು, ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯ್ತು. ಆ ತುಣುಕು ಇನ್ನು ನಮ್ಮ ಪ್ರಶ್ನೆಗೆ ಉತ್ತರ ಹೇಳಲ್ಲ ಅಂತ ಗೊತ್ತಾಯ್ತು.

ಯಾಕೆ? ಅದನ್ನು ಹೇಳೋಕೆ ನಿಮ್ಮನ್ನ ಒಂದು ದರ್ಶಿನಿಗೆ ಕರ್ಕೊಂಡು ಹೋಗ್ಬೇಕು.

ರಾತ್ರಿ ಮುಚ್ಚಿದ ಮೇಲೆ ಒಂದು ದರ್ಶಿನಿಯ ಅಡುಗೆಮನೆಯ ಫೋಟೋ ತೆಗೆದಿದ್ದೀರಿ ಅಂದ್ಕೊಳ್ಳಿ. ಫೋಟೋದಲ್ಲಿ ಒಲೆ ಇದೆ, ಹೆಂಚಿದೆ, ಸೌಟಿದೆ, ಎಲ್ಲ ಜಾಗದಲ್ಲೇ ಇದೆ. ಆದರೆ ಆ ಫೋಟೋ ನೋಡಿ 'ಈ ಒಲೆ ಉರಿಯುತ್ತಾ?' ಅಂತ ಹೇಳೋಕಾಗುತ್ತಾ? ಆಗಲ್ಲ. ಅದು ಗೊತ್ತಾಗಬೇಕಂದ್ರೆ ಒಂದೇ ದಾರಿ. ಒಲೆ ಹಚ್ಚಬೇಕು, ಹೆಂಚಿಗೆ ಹಿಟ್ಟು ಹಾಕಬೇಕು, ಕಾಯಬೇಕು. ದೋಸೆ ಎದ್ದರೆ ಒಲೆ ಸರಿ ಇದೆ.

ಲ್ಯಾಬಲ್ಲಿ ದಿನನಿತ್ಯ ಮಾಡೋ ಬಣ್ಣದ ಪರೀಕ್ಷೆ ಆ ಫೋಟೋ ಥರ. ಗುಲಾಬಿ ಮತ್ತು ನೀಲಿ ಬಣ್ಣ ಹಾಕಿ ಜೀವಕೋಶದ ಆಕಾರ ನೋಡ್ತೀವಿ. ಕ್ಯಾನ್ಸರ್ ಇದೆಯಾ, ಉರಿಯೂತ ಇದೆಯಾ ಅನ್ನೋದಕ್ಕೆ ಬಹಳ ಸಲ ಅದೇ ಸಾಕು. ಆದರೆ ಎಂಜೈಮ್, ಅಂದ್ರೆ ನಿಮ್ಮ ಬಯಾಲಜಿ ಪುಸ್ತಕದ ಕಿಣ್ವ, ಕೆಲಸ ಮಾಡ್ತಿದೆಯಾ ಅನ್ನೋದು ಆಕಾರದಲ್ಲಿ ಕಾಣಲ್ಲ. ಅದಕ್ಕೆ ಹಿಟ್ಟು ಕೊಟ್ಟು ದೋಸೆ ಕೇಳಬೇಕು. ಎಂಜೈಮ್ ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತೋ ಅದನ್ನು ತೆಳು ತುಣುಕಿನ ಮೇಲೆ ಹಾಕ್ತೀವಿ. ಎಂಜೈಮ್ ಇದ್ದ ಜಾಗದಲ್ಲಿ ಹೊಸ ವಸ್ತು ಹುಟ್ಟುತ್ತೆ. ಅದು ಕರಗಿ ಹರಿದು ಹೋಗೋ ಮೊದಲು ಅಲ್ಲೇ ಬಣ್ಣವಾಗಿ ಕೂರುವ ಹಾಗೆ ಮಾಡ್ತೀವಿ. ಎಲ್ಲಿ ಬಣ್ಣವೋ ಅಲ್ಲಿ ಕೆಲಸ ನಡೀತಿದೆ ಅಂತ ಅರ್ಥ.

ಈ ಉಪಾಯ ಹಳೇದು. 1939ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ, ಹಂಗೆರಿ ಮೂಲದ ಗೋಮೋರಿ ಅನ್ನೋ ವಿಜ್ಞಾನಿ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಎಂಜೈಮ್ ಅಂಗಾಂಶದಲ್ಲಿ ಎಲ್ಲೆಲ್ಲಿದೆ ಅಂತ ಹೀಗೇ ತೋರಿಸಿದರು. ಎಂಜೈಮ್ ಬಿಡಿಸಿದ ಫಾಸ್ಫೇಟನ್ನು ಕ್ಯಾಲ್ಸಿಯಂನಿಂದ ಅಲ್ಲೇ ಹಿಡಿದಿಟ್ಟು, ಕೊನೆಗೆ ಅದನ್ನು ಕಪ್ಪು ಬಣ್ಣಕ್ಕೆ ತಿರುಗಿಸಿದರು. ಅದೇ ವರ್ಷ ಜಪಾನಿನಲ್ಲಿ ತಾಕಾಮಾತ್ಸು ಅನ್ನೋರು ಸ್ವತಂತ್ರವಾಗಿ ಇದೇ ದಾರಿ ಕಂಡುಕೊಂಡಿದ್ದರು.

ಈಗ ಫಾರ್ಮಲಿನ್ ಬಾಟಲಿಗೆ ವಾಪಸ್ ಬರೋಣ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತೆ. ಅದಕ್ಕೇ ಅಂಗಾಂಶ ಕೊಳೆಯಲ್ಲ, ಆಕಾರ ವರ್ಷಗಟ್ಟಲೆ ಉಳಿಯುತ್ತೆ. ಆದರೆ ಎಂಜೈಮ್ ಕೂಡ ಪ್ರೋಟೀನೇ. ಕೈಕಾಲು ಕಟ್ಟಿದ ಅಡುಗೆಯವನು ದೋಸೆ ಹುಯ್ತಾನಾ? ನಾವು ನೋಡಬೇಕಿದ್ದ ಎಂಜೈಮ್ ಆ ಬಾಟಲಿಯಲ್ಲೇ ಸತ್ತುಹೋಗಿತ್ತು. ಹುಡುಗನ ಸ್ನಾಯುವಿನಲ್ಲಿ ಅದು ಮೊದಲೇ ಇರಲಿಲ್ಲವೋ ಅಥವಾ ಬಾಟಲಿಯಲ್ಲಿ ಹಾಳಾಯ್ತೋ, ಇನ್ನು ಯಾರೂ ಹೇಳೋಕಾಗಲ್ಲ.

ಆಕಾರ ಮಾತ್ರ ನೋಡಿ ರಿಪೋರ್ಟ್ ಬರೆದೆವು: ಸ್ನಾಯು ಎಳೆಗಳು ಬಹುತೇಕ ಸಾಮಾನ್ಯ, ಅಲ್ಲಲ್ಲಿ ಅಂಚಿನಲ್ಲಿ ಸಣ್ಣ ಗುಳ್ಳೆಗಳಂಥ ಜಾಗ. ಆ 'ಬಹುತೇಕ ಸಾಮಾನ್ಯ' ಅನ್ನೋ ಎರಡು ಪದ ಆ ಮನೆಯಲ್ಲಿ ಏನಾಗಿ ಕೇಳಿಸಿರುತ್ತೆ ಅಂತ ಯೋಚಿಸಿ. "ನೋಡಿದ್ಯಾ, ಏನೂ ಇಲ್ಲವಂತೆ."

ಆದರೆ ಅವನನ್ನು ನೋಡ್ತಿದ್ದ ಡಾಕ್ಟರ್ ಅಷ್ಟಕ್ಕೆ ಬಿಡಲಿಲ್ಲ. ಅವರು ಹುಡುಗನಿಗೆ ಒಂದು ಪ್ರಶ್ನೆ ಕೇಳಿದ್ದರು: "ನೋವು ಬಂದಾಗ ನಿಂತು, ಆಮೇಲೆ ನಿಧಾನಕ್ಕೆ ನಡೆದ್ರೆ ಏನಾಗುತ್ತೆ?" ಅವನು ಹೇಳಿದ್ದು, "ಹತ್ತು ನಿಮಿಷ ಆದಮೇಲೆ ಸರಿಹೋಗುತ್ತೆ ಸಾರ್. ಆಮೇಲೆ ಎಷ್ಟು ದೂರ ಬೇಕಾದ್ರೂ ನಡೀತೀನಿ. ಅದಕ್ಕೇ ಎಲ್ಲರೂ ನಾಟಕ ಅಂತಾರೆ."

ಈ ಒಂದು ಮಾತು ಡಾಕ್ಟರ್‌ಗಳಿಗೆ ಚಿನ್ನ. ಇದಕ್ಕೆ 'ಸೆಕೆಂಡ್ ವಿಂಡ್' ಅಂತ ಹೆಸರಿದೆ. ಇದು ಮೆಕಾರ್ಡಲ್ ಕಾಯಿಲೆಯ ಗುರುತು.

ಇದರ ಕಥೆ ಲಂಡನ್ನಿನಲ್ಲಿ ಶುರುವಾಗುತ್ತೆ. 1951ರಲ್ಲಿ ಬ್ರಯನ್ ಮೆಕಾರ್ಡಲ್ ಅನ್ನೋ ವೈದ್ಯರು ಮೂವತ್ತು ವರ್ಷದ ಒಬ್ಬ ರೋಗಿಯ ಬಗ್ಗೆ ಬರೆದರು. ಬಾಲ್ಯದಿಂದಲೂ ಸ್ವಲ್ಪ ಶ್ರಮ ಮಾಡಿದರೆ ಸ್ನಾಯು ನೋವು, ಸೆಟೆತ. ನಾವೆಲ್ಲ ಜೋರಾಗಿ ಕೆಲಸ ಮಾಡಿದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರುತ್ತೆ. ಈ ರೋಗಿಯಲ್ಲಿ ಅದು ಏರಲೇ ಇಲ್ಲ. ಮೆಕಾರ್ಡಲ್ ಲೆಕ್ಕ ಹಾಕಿದರು: ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆದು ಶಕ್ತಿ ಆಗೋ ದಾರಿಯಲ್ಲೇ ಎಲ್ಲೋ ತಡೆ ಇದೆ. ಆ ತಡೆ ಯಾವ ಎಂಜೈಮ್‌ನದು ಅನ್ನೋದು 1959ರಲ್ಲಿ ಅಮೆರಿಕದ ಸಂಶೋಧಕರಿಂದ ಗೊತ್ತಾಯ್ತು. ಅದರ ಹೆಸರು ಫಾಸ್ಫೊರಿಲೇಸ್.

ಗ್ಲೈಕೋಜನ್ ಅಂದ್ರೆ ಗ್ಲೂಕೋಸ್ ಕಣಗಳನ್ನು ಸರಪಳಿಯಾಗಿ ಪೋಣಿಸಿ ಕೂಡಿಟ್ಟ ದಾಸ್ತಾನು. ನಮ್ಮ ಹಳ್ಳಿಮನೆಯ ಕಣಜ ಇದ್ದ ಹಾಗೆ. ಇದ್ದಕ್ಕಿದ್ದ ಹಾಗೆ ಓಡಬೇಕು, ಬೈಕ್ ತಳ್ಳಬೇಕು ಅಂದಾಗ ಮೊದಲ ಕೆಲವು ನಿಮಿಷ ಸ್ನಾಯು ಬಹುಪಾಲು ತನ್ನ ಕಣಜದಿಂದಲೇ ಉಣ್ಣಬೇಕು. ಕಣಜದ ಬಾಗಿಲು ತೆಗೆಯೋ ಬೀಗದ ಕೈಯೇ ಫಾಸ್ಫೊರಿಲೇಸ್. ಮೆಕಾರ್ಡಲ್ ಕಾಯಿಲೆ ಇರೋರಲ್ಲಿ ಕಣಜ ತುಂಬಿರುತ್ತೆ, ಬೀಗದ ಕೈ ಇರಲ್ಲ. ಆ ರಿಪೋರ್ಟಿನಲ್ಲಿದ್ದ ಅಂಚಿನ ಗುಳ್ಳೆಗಳು ನೆನಪಿದೆಯಾ? ಬಳಕೆಯಾಗದ ಗ್ಲೈಕೋಜನ್ ಗುಡ್ಡೆ ಬಿದ್ದಿದ್ದ ಜಾಗ ಅದು.

ಹತ್ತು ನಿಮಿಷ ಆದಮೇಲೆ ಸರಿಹೋಗೋದು ಯಾಕೆ? ಅಷ್ಟರಲ್ಲಿ ರಕ್ತ ಜೋರಾಗಿ ಹರಿದು ಲಿವರ್‌ನಿಂದ ಗ್ಲೂಕೋಸ್, ಕೊಬ್ಬಿನಿಂದ ಇಂಧನ ತಂದುಕೊಡುತ್ತೆ. ಮನೆಯ ಕಣಜ ತೆರೆಯದಿದ್ದರೂ ಅಂಗಡಿಯಿಂದ ರೇಷನ್ ಬಂತು. ಹುಡುಗ ನಾಟಕ ಆಡ್ತಿರಲಿಲ್ಲ. ತನ್ನ ದೇಹದ ರಸಾಯನಶಾಸ್ತ್ರವನ್ನು ಚೂರೂ ತಪ್ಪಿಲ್ಲದೆ ವರದಿ ಮಾಡ್ತಿದ್ದ. ಕೇಳೋರು ಇರಲಿಲ್ಲ, ಅಷ್ಟೇ.

ಎರಡನೇ ಬಯಾಪ್ಸಿ ಮಾಡಬೇಕಾಯ್ತು. ಇನ್ನೊಂದು ತೊಡೆ, ಇನ್ನೊಂದು ಹೊಲಿಗೆ, ಇನ್ನೊಂದಷ್ಟು ಖರ್ಚು. ಈ ಸಲ ಫಾರ್ಮಲಿನ್ ಇಲ್ಲ. ಸಲೈನ್‌ನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಲ್ಲಿ ಸುತ್ತಿ, ಐಸ್ ಡಬ್ಬಿಯಲ್ಲಿಟ್ಟು, ಐಸ್ ನೇರವಾಗಿ ತಾಗದ ಹಾಗೆ, ಬೇಗನೇ ಲ್ಯಾಬಿಗೆ ತಲುಪಿಸಿದರು.

ಬಂದ ತಕ್ಷಣ ಅದನ್ನು ಹೆಪ್ಪುಗಟ್ಟಿಸಬೇಕು. ಮನೆ ಫ್ರೀಜರ್‌ನಲ್ಲಿ ಆಗಲ್ವಾ ಅಂದ್ರೆ, ಆಗಲ್ಲ. ಫ್ರೀಜರ್‌ನಲ್ಲಿಟ್ಟ ಟೊಮೆಟೊ ಹೊರಗೆ ತೆಗೆದಾಗ ಲೊಳಲೊಳ ಆಗುತ್ತಲ್ವಾ? ನಿಧಾನಕ್ಕೆ ಹೆಪ್ಪುಗಟ್ಟಿದರೆ ಒಳಗೆ ದೊಡ್ಡ ಐಸ್ ಹರಳು ಬೆಳೆದು ಕೋಶವನ್ನು ಹರಿದುಹಾಕುತ್ತೆ. ಆದ್ದರಿಂದ ಕಣ್ಣು ಮಿಟುಕಿಸೋದರೊಳಗೆ ಹೆಪ್ಪುಗಟ್ಟಬೇಕು.

ಲಿಕ್ವಿಡ್ ನೈಟ್ರೋಜನ್ ಇದೆ, ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅದರಲ್ಲೇ ಅದ್ದಿದರೆ? ಅಲ್ಲೂ ಒಂದು ತೊಡಕಿದೆ. ಕಾದ ದೋಸೆ ಹೆಂಚಿಗೆ ನೀರು ಚಿಮುಕಿಸಿದಾಗ ಹನಿಗಳು ತಕ್ಷಣ ಆರದೆ ಹೆಂಚಿನ ಮೇಲೆಲ್ಲ ಕುಣಿದಾಡೋದು ನೋಡಿದ್ದೀರಲ್ಲ? ಹನಿಯ ಕೆಳಗೆ ಆವಿಯ ಪದರ ಹುಟ್ಟಿ ಶಾಖ ತಾಗದ ಹಾಗೆ ತಡೆಯುತ್ತೆ. ಲಿಕ್ವಿಡ್ ನೈಟ್ರೋಜನ್‌ಗೆ ನಮ್ಮ ಸ್ನಾಯುವಿನ ತುಣುಕೇ ಕಾದ ಹೆಂಚು. ಸುತ್ತ ಆವಿಯ ಪದರ ಎದ್ದು, ಹೆಪ್ಪುಗಟ್ಟೋದು ತಡವಾಗುತ್ತೆ. ಹಾಗಾಗಿ ಐಸೋಪೆಂಟೇನ್ ಅನ್ನೋ ದ್ರವವನ್ನು ನೈಟ್ರೋಜನ್‌ನಲ್ಲಿಟ್ಟು ಮೈನಸ್ 160ರ ಆಸುಪಾಸಿಗೆ ತಂಪು ಮಾಡಿ, ತುಣುಕನ್ನು ಅದರಲ್ಲಿ ಅದ್ದುತ್ತೀವಿ. ಅದು ಅಷ್ಟು ಸುಲಭಕ್ಕೆ ಕುದಿಯಲ್ಲ, ಆವಿ ಅಡ್ಡ ಬರಲ್ಲ. ಕೆಲವೇ ಸೆಕೆಂಡಿನಲ್ಲಿ ತುಣುಕು ಸೀಮೆಸುಣ್ಣದಂತೆ ಬಿಳಿ ಆಗುತ್ತೆ.

ಆಮೇಲೆ ಕ್ರಯೋಸ್ಟ್ಯಾಟ್. ಅಂದ್ರೆ ಮೈನಸ್ ಇಪ್ಪತ್ತು ಡಿಗ್ರಿ ಆಸುಪಾಸಿನ ಪೆಟ್ಟಿಗೆ, ಒಳಗೊಂದು ಹರಿತವಾದ ಬ್ಲೇಡು. ಹತ್ತು ಮೈಕ್ರೋಮೀಟರ್ ದಪ್ಪದ ಹಾಳೆ ಕತ್ತರಿಸಬೇಕು. ಒಂದು ಮಿಲಿಮೀಟರ್‌ನ ನೂರರಲ್ಲಿ ಒಂದು ಭಾಗ. ಜೋರಾಗಿ ಉಸಿರು ಬಿಟ್ಟರೆ ಸುರುಳಿಯಾಗಿಬಿಡುತ್ತೆ. ಅದನ್ನು ಗಾಜಿನ ಸ್ಲೈಡ್‌ಗೆ ಅಂಟಿಸ್ತೀವಿ.

ಈಗ ಹಿಟ್ಟು ಹಾಕೋ ಹೊತ್ತು. ಇಲ್ಲಿ ಬರುತ್ತೆ ನೋಡಿ ಅಸಲಿ ಚಮತ್ಕಾರ.

ಫಾಸ್ಫೊರಿಲೇಸ್‌ನ ಕೆಲಸ ಗ್ಲೈಕೋಜನ್ ಸರಪಳಿಯಿಂದ ಒಂದೊಂದೇ ಮಣಿ ಬಿಡಿಸೋದು. ಆದರೆ ಬಿಟ್ಟ ಮಣಿಯನ್ನು, ಗ್ಲೂಕೋಸ್-1-ಫಾಸ್ಫೇಟನ್ನು, ನಾವೇ ಹೊರಗಿಂದ ಹೇರಳವಾಗಿ ಸುರಿದರೆ ಅದೇ ಎಂಜೈಮ್ ಹಿಂದುಮುಂದಾಗಿ ಓಡುತ್ತೆ. ಬಿಡಿಸೋ ಬದಲು ಪೋಣಿಸೋಕೆ ಶುರುಮಾಡುತ್ತೆ. ಇದನ್ನು ಪರೀಕ್ಷಾ ನಳಿಕೆಯಲ್ಲಿ ತೋರಿಸಿದವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ. ಗ್ಲೈಕೋಜನ್ ಮೇಲಿನ ಕೆಲಸಕ್ಕೆ 1947ರಲ್ಲಿ ಅವರಿಗೆ ನೊಬೆಲ್ ಬಂತು. ವೈದ್ಯಕೀಯ ನೊಬೆಲ್ ಪಡೆದ ಮೊದಲ ಮಹಿಳೆ ಗರ್ಟಿ. 1955ರಲ್ಲಿ ತಾಕೆಯುಚಿ ಮತ್ತು ಕುರಿಯಾಕಿ ಈ ಹಿಮ್ಮುಖ ಓಟವನ್ನೇ ಸ್ಲೈಡ್ ಮೇಲೆ ಬಣ್ಣದ ಪರೀಕ್ಷೆ ಮಾಡಿದರು.

ನಾವು ಮಾಡೋದೂ ಅದೇ. ಸ್ಲೈಡ್ ಮೇಲೆ ಗ್ಲೂಕೋಸ್-1-ಫಾಸ್ಫೇಟ್ ಹಾಕ್ತೀವಿ, ಸರಪಳಿ ಶುರುಮಾಡೋಕೆ ಹೆಪ್ಪಿನ ಥರ ಚೂರು ಗ್ಲೈಕೋಜನ್ ಹಾಕ್ತೀವಿ, ದೇಹದ ಬಿಸಿಯಲ್ಲಿ, ಅಂದ್ರೆ 37 ಡಿಗ್ರಿಯಲ್ಲಿ ಬಿಡ್ತೀವಿ. ಎಂಜೈಮ್ ಇದ್ದರೆ ಉದ್ದುದ್ದ ನೇರ ಸರಪಳಿ ಪೋಣಿಸುತ್ತೆ. ಆ ಸರಪಳಿ ಹೆಚ್ಚುಕಮ್ಮಿ ಪಿಷ್ಟದ ಹಾಗೇ ಇರುತ್ತೆ. ಪಿಷ್ಟವನ್ನು ಪತ್ತೆಮಾಡೋದು ಹೇಗೆ? ಹೈಸ್ಕೂಲಲ್ಲಿ ಆಲೂಗಡ್ಡೆ ಮೇಲೆ ಒಂದು ಹನಿ ಹಾಕಿದ್ರಲ್ಲ, ಅಯೋಡಿನ್! ಕಡುನೀಲಿ ಆಗಿತ್ತಲ್ಲ! ಅದೇ ಅಯೋಡಿನ್. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ಆ ಪ್ರಯೋಗದ ಮೇಲೆ ಇಲ್ಲೊಬ್ಬ ಹುಡುಗನ ಬದುಕು ನಿಂತಿತ್ತು.

ದೋಸೆ ಏಳದಿದ್ದರೆ ತಪ್ಪು ಒಲೆಯದೋ ಹಿಟ್ಟಿನದೋ ಹೇಗೆ ಗೊತ್ತಾಗಬೇಕು? ಅದಕ್ಕೆ ಪಕ್ಕದಲ್ಲಿ ಇನ್ನೊಂದು ತುಣುಕು ಇಡ್ತೀವಿ. ಅದರಲ್ಲಿ ಎಂಜೈಮ್ ಇದೆ ಅಂತ ಮೊದಲೇ ಗೊತ್ತಿರುತ್ತೆ. ಎರಡಕ್ಕೂ ಒಂದೇ ಹಿಟ್ಟು, ಒಂದೇ ಬಿಸಿ, ಒಂದೇ ಸಮಯ.

ಅಯೋಡಿನ್ ಹಾಕಿದೆವು. ಪಕ್ಕದ ತುಣುಕು ನೋಡನೋಡ್ತಾ ಕಪ್ಪುನೀಲಿ ಆಯ್ತು. ಎಳೆಗಳು ಒಂದು ಗಾಢ, ಒಂದು ತಿಳಿ, ಚದುರಂಗದ ಮಣೆ ಹಾಗೆ. ಹುಡುಗನ ತುಣುಕು ತಿಳಿಹಳದಿ. ಅಯೋಡಿನ್‌ದೇ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ಒಂದು ಎಳೆಯೂ ಕಪ್ಪಾಗಲಿಲ್ಲ.

ಆದರೆ ಒಂದು ಕಡೆ ಬಣ್ಣ ಇತ್ತು. ಎಳೆಗಳ ನಡುವೆ ಒಂದು ಪುಟ್ಟ ರಕ್ತನಾಳ, ಅದರ ಗೋಡೆ ಮಾತ್ರ ಕಪ್ಪು ಉಂಗುರದ ಹಾಗೆ ಎದ್ದು ನಿಂತಿತ್ತು. ರಕ್ತನಾಳದ ಗೋಡೆಯಲ್ಲೂ ಒಂಥರಾ ಸ್ನಾಯು ಇದೆ, ಆದರೆ ಅಲ್ಲಿನ ಫಾಸ್ಫೊರಿಲೇಸ್ ಬೇರೆ ಜೀನ್‌ನಿಂದ ಬರುತ್ತೆ. ಹಾಗಾಗಿ ಈ ಕಾಯಿಲೆಯಲ್ಲಿ ಅದಕ್ಕೆ ಏನೂ ಆಗಿರಲ್ಲ. ಆ ಉಂಗುರ ನಮಗೆ ಸಾಕ್ಷಿ ಹೇಳ್ತಿತ್ತು: ಹಿಟ್ಟು ಸರಿ ಇತ್ತು, ತುಣುಕು ಕೆಡದೆ ಬಂದಿತ್ತು, ಇಲ್ಲದೆ ಇರೋದು ನಿಜವಾಗಿಯೂ ಇಲ್ಲ. ಅಯೋಡಿನ್ ಬಣ್ಣ ಬೇಗ ಮಾಸಿಹೋಗುತ್ತೆ, ಅದಕ್ಕೇ ಆಗಲೇ ಫೋಟೋ ತೆಗೆದುಕೊಂಡೆವು.

ಈಗ ನೀವು ಕೇಳಬಹುದು, ಡಿಎನ್‌ಎ ಟೆಸ್ಟ್ ಇರೋವಾಗ ಇಷ್ಟೆಲ್ಲ ಯಾಕೆ ಅಂತ. ಒಳ್ಳೇ ಪ್ರಶ್ನೆ. ಈ ಎಂಜೈಮ್‌ನ ಜೀನ್ ಹೆಸರು ಪಿವೈಜಿಎಂ. ಇವತ್ತು ಎಷ್ಟೋ ಕಡೆ ಮೊದಲು ರಕ್ತ ತೆಗೆದು ಆ ಜೀನ್ ನೋಡ್ತಾರೆ. ಅಲ್ಲೇ ಸ್ಪಷ್ಟ ಉತ್ತರ ಸಿಕ್ಕರೆ ಬಯಾಪ್ಸಿ ಬೇಡವೇ ಬೇಡ. ಅದು ಒಳ್ಳೇದೇ. ಆದರೆ ಡಿಎನ್‌ಎ ರಿಪೋರ್ಟ್ ಕೆಲವು ಸಲ 'ಅಕ್ಷರ ಬದಲಾಗಿದೆ, ಇದರಿಂದ ತೊಂದರೆಯೋ ಅಲ್ಲವೋ ಖಚಿತ ಇಲ್ಲ' ಅಂತ ಹೇಳಿ ಕೈಬಿಡುತ್ತೆ. ಆಗ ಸ್ನಾಯುವನ್ನೇ ಕೇಳಬೇಕು. ಜೀನ್ ಅಂದ್ರೆ ಅಡುಗೆ ಪುಸ್ತಕ. ಎಂಜೈಮ್ ಬಣ್ಣ ಅಂದ್ರೆ ತಟ್ಟೆಗೆ ಬಿದ್ದ ದೋಸೆ.

ಈ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಸ್ನಾಯು ಬಯಾಪ್ಸಿಗೆ ಎಂಜೈಮ್ ಬಣ್ಣಗಳನ್ನು ಮಾಡ್ತಾರೆ. ದೂರದ ಜಿಲ್ಲೆಯಲ್ಲಿ ತೆಗೆದ ತುಣುಕು ಅಷ್ಟು ದೂರ ಹೆಪ್ಪುಗಟ್ಟದೆ, ಕೆಡದೆ ಬರೋದು ಕಷ್ಟ. ಅದಕ್ಕೆ ಬಹಳ ಸಲ ತುಣುಕನ್ನು ಕಳಿಸೋ ಬದಲು ರೋಗಿಯೇ ಅಂಥ ಜಾಗಕ್ಕೆ ಹೋಗಿ ಬಯಾಪ್ಸಿ ಮಾಡಿಸ್ಕೊಳ್ಳೋದು ಒಳ್ಳೇದು. ಇನ್ನೊಂದು ವಿಷಯ. ಸ್ನಾಯು ಒಡೆದ ತಕ್ಷಣ ಬಯಾಪ್ಸಿ ತೆಗೆದರೆ ಬಣ್ಣ ಮೋಸ ಮಾಡಬಹುದು. ಹೊಸದಾಗಿ ಚಿಗುರೋ ಎಳೆಗಳು ತಾತ್ಕಾಲಿಕವಾಗಿ ಬೇರೆ ಥರದ ಫಾಸ್ಫೊರಿಲೇಸ್ ಮಾಡಿಕೊಳ್ತವೆ. ಆದ್ದರಿಂದ ಕೆಲವು ವಾರ ಕಾಯ್ತಾರೆ.

ಹುಡುಗನಿಗೆ ಏನು ಸಿಕ್ಕಿತು? ಗುಣಪಡಿಸೋ ಔಷಧಿ ಸಿಗಲಿಲ್ಲ, ಆ ಥರದ್ದು ಇಲ್ಲ. ಆದರೆ ಹೇಗೆ ಬದುಕಬೇಕು ಅನ್ನೋದು ಗೊತ್ತಾಯ್ತು. ಯಾವ ಕೆಲಸಕ್ಕೂ ಮೊದಲು ನಿಧಾನಕ್ಕೆ ದೇಹ ಬಿಸಿ ಮಾಡ್ಕೋಬೇಕು, ಸೆಕೆಂಡ್ ವಿಂಡ್ ಬರೋವರೆಗೂ ತಾಳ್ಮೆ ಬೇಕು. ಏಕಾಏಕಿ ಭಾರ ಎತ್ತೋದು, ಜಿದ್ದಿಗೆ ಬಿದ್ದು ಓಡೋದು ಬೇಡ. ಹಾಗಂತ ಕೂತೇ ಇರೋದೂ ತಪ್ಪು, ಡಾಕ್ಟರ್ ಹೇಳಿದ ಹಾಗೆ ಹಿತಮಿತ ವ್ಯಾಯಾಮ ಒಳ್ಳೇದು. ಶ್ರಮಕ್ಕೆ ಮೊದಲು ಸಕ್ಕರೆ ಪಾನೀಯ ಕುಡಿದರೆ ಮೊದಲ ನಿಮಿಷಗಳು ಸುಲಭ ಆಗುತ್ತೆ ಅಂತ 2003ರಲ್ಲಿ ಒಂದು ಅಧ್ಯಯನ ತೋರಿಸಿದೆ. ಅದನ್ನೂ ಡಾಕ್ಟರ್ ಕೇಳಿಯೇ ಮಾಡಬೇಕು. ಇದು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಬರೋ ಕಾಯಿಲೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾಗೋ ನಮ್ಮ ಮನೆಗಳಲ್ಲಿ ಒಡಹುಟ್ಟಿದವರನ್ನೂ ಒಮ್ಮೆ ವಿಚಾರಿಸೋದು ಒಳ್ಳೇದು.

ಇನ್ನೊಂದೂ ಸಿಕ್ಕಿತು. ರಿಪೋರ್ಟ್ ಕೈಗೆ ಬಂದಾಗ ಅವನು ಆ ಫೋಟೋದ ಪ್ರತಿ ಕೇಳಿದನಂತೆ. ಮನೆಯಲ್ಲಿ ತೋರಿಸೋಕೆ.

ಮುಗಿಸೋ ಮೊದಲು ಮೂರು ಮಾತು, ಫೋನಲ್ಲಿ ಬರೆದಿಟ್ಕೊಳ್ಳಿ. ಜಿಮ್‌ನಲ್ಲೋ, ಓಟದಲ್ಲೋ, ಭಾರ ಎತ್ತಿದ ಮೇಲೋ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳೆಗೆ ಬಿಡಬೇಡಿ. ಕಾರಣ ಬೇರೆಯೂ ಇರಬಹುದು, ಕಿಡ್ನಿಗೆ ಅಪಾಯ ಮಾತ್ರ ಒಂದೇ. ಎರಡನೇದು, ನಿಮಗೋ ನಿಮ್ಮವರಿಗೋ ಸ್ನಾಯು ಬಯಾಪ್ಸಿ ಅಂದ್ರೆ, ಥಿಯೇಟರ್‌ಗೆ ಹೋಗೋ ಮೊದಲು ವಿನಯದಿಂದ ಒಂದೇ ಪ್ರಶ್ನೆ ಕೇಳಿ: "ಸ್ಯಾಂಪಲ್ ಫಾರ್ಮಲಿನ್‌ಗೆ ಹಾಕ್ತೀರಾ, ಫ್ರೆಶ್ ಆಗಿ ಲ್ಯಾಬಿಗೆ ಕಳಿಸ್ತೀರಾ?" ಆ ಪ್ರಶ್ನೆಯಿಂದ ಒಂದು ತೊಡೆಯ ಹೊಲಿಗೆ ಉಳಿಯಬಹುದು.

ಮೂರನೇದು, ಆ ಪಿ.ಟಿ. ಪೀರಿಯಡ್‌ನ ಹುಡುಗನ ನಂಬರ್ ಇನ್ನೂ ನಿಮ್ಮ ಹತ್ರ ಇದ್ದರೆ, ಈ ಸಂಚಿಕೆ ಅವನಿಗೆ ಕಳಿಸಿ. ಸಾಧ್ಯವಾದ್ರೆ ಜೊತೆಗೊಂದು 'ಸಾರಿ' ಕೂಡ.